ಮುತ್ತಜ್ಜ ನಾಟಕ ಕಂಪನ್ಯಾಗ ಇದ್ರಂತ, ಹೆಂಗ ಹುಡುಕೋದು?

ಪ್ರಶ್ನೆ: ನಮ್ಮ ಮುತ್ತಜ್ಜ ಗದಗ ಕಡೆ ಒಂದ್ ನಾಟಕ ಕಂಪನ್ಯಾಗ ಪಾರ್ಟ್ ಮಾಡ್ತಿದ್ರಂತ. ಹೆಸರು ಬಿಟ್ರ ಬ್ಯಾರೆ ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಹೆಸರು ಹಿಡ್ಕೊಂಡು ಹೋಗಬ್ಯಾಡ್ರಿ, ಮೊದ್ಲ ಕಂಪನಿ ಯಾವ್ದು ಅಂತ ಹುಡುಕ್ರಿ. ಯಾಕಂದ್ರ ನಮ್ಮ ಕಡೆ ನಟರನ್ನ ಊರ ಹೆಸರಿಂದನ ಕರೀತಿದ್ರು, ಏಣಗಿ ಬಾಳಪ್ಪ ಅಂದ್ರ ಸವದತ್ತಿ ತಾಲೂಕಿನ ಏಣಗಿ ಊರವ್ರು, ಹಂಗ ನಿಮ್ಮ ಮುತ್ತಜ್ಜಗೂ ಹ್ಯಾಂಡ್‌ಬಿಲ್‌ನ್ಯಾಗ ಒಂದು ಹೆಸರು, ಹೊಲದ ಉತಾರದಾಗ (ಪಹಣ್ಯಾಗ) ಇನ್ನೊಂದು ಇರಬೌದು.

ಗದಗ ಅಂದ್ರಿ, ಛಲೋ ಆತು. ಶಾಂತಕವಿಗಳು 1870ರ ದಶಕದಾಗ ನಾಟಕ ಮಂಡಳಿ ಕಟ್ಟಿದ್ದು ಅಲ್ಲೇ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಅಲ್ಲೀದ, ಪಂಚಾಕ್ಷರಿ ಗವಾಯಿಗಳೂ ನಾಟಕ ಕಂಪನಿ ನಡಸ್ಯಾರ. ಮನ್ಯಾಗ ಯಾರರ "ಗರುಡರ ಕಂಪನಿ" ಅಂದ್ರ ಅರ್ಧ ಕೆಲಸ ಆದಂಗ. ಹಿರ್ಯಾರಿಗೆ ಯಾವ ವರ್ಷ ಅಂತ ಕೇಳಬ್ಯಾಡ್ರಿ, ಅಜ್ಜ ಯಾವ ಹಾಡು ಹಾಡ್ತಿದ್ದ ಅಂತ ಕೇಳ್ರಿ, ವರ್ಷ ಮರೀತಾವ ಖರೆ ರಂಗಗೀತೆ ಮರಿಯಂಗಿಲ್ಲ, ಮೊಬೈಲ್‌ನ್ಯಾಗ ರೆಕಾರ್ಡ್ ಮಾಡ್ಕೊಳ್ರಿ, ಹಾಡಿಂದ ನಾಟಕ, ನಾಟಕದಿಂದ ಕಂಪನಿ ಸಿಗ್ತೈತಿ.

ಇನ್ನ ಹ್ಯಾಂಡ್‌ಬಿಲ್. ನಮ್ಮಜ್ಜಿ ಟ್ರಂಕಿನ ತಳಕ್ಕ ಹಾಸಿದ್ದ ಗುಲಾಬಿ ಹಾಳಿ ಒಂದು ನನಗ ಸಿಕ್ಕಿತ್ತು, ಮಡಿಚಿದ ಗೆರಿಗುಂಟ ಹರದಿತ್ತು, ವಾರ, ತಾರೀಖು, ತಿಂಗಳು ಎಲ್ಲಾ ಇತ್ತು, ವರ್ಷ ಮಾತ್ರ ಇದ್ದಿಲ್ಲ. ಆದ್ರೂ ವರ್ಷದ ಹತ್ರ ಹೋಗಬೌದು ನೋಡ್ರಿ. ಅದ ವಾರ ಅದ ತಾರೀಖಿಗೆ ಮತ್ತ ಬರಬೇಕಂದ್ರ ಸಾಮಾನ್ಯವಾಗಿ 5, 6 ಇಲ್ಲಾ 11 ವರ್ಷ ಬೇಕು, ಅಂದ್ರ ಕೆಲವೇ ವರ್ಷ ಉಳೀತಾವ. ಟಿಕೆಟ್ ದರ ಆಣೆದಾಗ ಇದ್ರ ಬಹುತೇಕ 1957ರ ಏಪ್ರಿಲ್‌ಗಿಂತ ಮೊದಲಿಂದು, ನಯೇ ಪೈಸೆ ಅಂತಿದ್ರ ಆಮೇಲಿಂದು. ಮತ್ತ ತಳದಾಗ ಇರಿವಿ ಸಾಲಿನಂಥಾ ಅಕ್ಷರದಾಗ ಪ್ರೆಸ್ಸಿನ ಹೆಸರು, ಊರು ಇರ್ತೈತಿ, 1867ರ ಕಾಯ್ದೆ ಪ್ರಕಾರ ಅದನ್ನ ಹಾಕಲೇಬೇಕಿತ್ತು. ಪ್ರೆಸ್ಸಿನ ಊರು ಗೊತ್ತಾತಂದ್ರ ಕಂಪನಿ ಕ್ಯಾಂಪ್ ಆ ಸುತ್ತಮುತ್ತನ ಇತ್ತು ಅಂತ ಹಿಡೀಬೌದು.

ಹ್ಯಾಂಡ್‌ಬಿಲ್ ಇಲ್ಲಂದ್ರ ಮುತ್ತಜ್ಜನ ಮಕ್ಕಳು ಎಲ್ಲೆಲ್ಲಿ ಹುಟ್ಯಾರ ಕೇಳ್ರಿ. ಒಬ್ರು ರಾಣೇಬೆನ್ನೂರಾಗ, ಒಬ್ರು ಇಳಕಲ್‌ದಾಗ, ಒಬ್ರು ಬನಶಂಕರಿ ಜಾತ್ರಿ ಟೈಮಿಗೆ ಬಾದಾಮ್ಯಾಗ ಅಂದ್ರ ಅದು ಕಂಪನಿ ತಿರುಗಿದ ದಾರೀನ. ಆ ಊರ ಜನನ ನೋಂದಣಿ, ಸಾಲಿ ರಜಿಸ್ಟರ್ ನೋಡ್ರಿ. 1956ರ ತನಕ ನಮ್ಮ ಕಡೆ ಮುಂಬೈ ಆಡಳಿತ ಇತ್ತು, ಹಳೇ ಕಾಗದ ಮರಾಠ್ಯಾಗ, ಮೋಡಿ ಲಿಪ್ಯಾಗ (ಮರಾಠಿ ಬರಿಯೋ ಹಳೇ ಲಿಪಿ) ಬಂದ್ರ ಹೆದರಬ್ಯಾಡ್ರಿ, ಓದೋ ಹಿರ್ಯಾರು ಧಾರವಾಡದಾಗ ಇನ್ನೂ ಸಿಗ್ತಾರ. ಹಳೇ ಸಂಯುಕ್ತ ಕರ್ನಾಟಕ ಪತ್ರಿಕಿಯೊಳಗಿನ ನಾಟಕದ ಜಾಹೀರಾತು ತಿರುವಿ ಹಾಕ್ರಿ.

ಒಂದು ಮಾತು ಮರೀಬ್ಯಾಡ್ರಿ. ಆಗ ಹೆಣ್ಣಿನ ಪಾರ್ಟ್ ಗಂಡಸರೂ ಮಾಡ್ತಿದ್ರು. ಟ್ರಂಕಿನ್ಯಾಗ ಮೂಗುತಿ ಹಾಕ್ಕೊಂಡು ನಿಂತ "ಯಾರೋ ಹೆಣ್ಮಗಳು" ಫೋಟೋ ಸಿಕ್ರ ಬದಿಗಿಡಬ್ಯಾಡ್ರಿ, ಮುಂಗೈ ನೋಡ್ರಿ, ಕಿವಿ ನೋಡ್ರಿ, ನಿಮ್ಮಪ್ಪನ ಕಿವಿ ಜೋಡಿ ಹೋಲಿಸಿ ನೋಡ್ರಿ, ಹಿಂದ ತಿರುವಿ ಸ್ಟುಡಿಯೋ ಮೊಹರು ಐತೇನು ನೋಡ್ರಿ. ಅದು ನಿಮ್ಮ ಮುತ್ತಜ್ಜನ ಇರಬೌದು.