ಪಂಚಾಯಿತಿಯಲ್ಲಿ ಅರ್ಧ, ವಿಧಾನಸಭೆಯಲ್ಲಿ ಹತ್ತು: ಮಹಿಳಾ ಪ್ರಾತಿನಿಧ್ಯ ಎಲ್ಲಿ ನಿಂತಿದೆ?

2023ರ ಚುನಾವಣೆಯಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಿಗೆ ಆಯ್ಕೆಯಾದ ಮಹಿಳೆಯರು ಹತ್ತೇ ಮಂದಿ. ಇದೇ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಅವರಿಗೆ ಮೀಸಲು.

ದೇಶದ ಮೊದಲ ಮಹಾಚುನಾವಣೆಯಲ್ಲಿ, 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಷ್ಟೇ ಬರೆಸಿ ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಮಹಿಳೆಯರು ಮತದಾರರ ಪಟ್ಟಿಯಿಂದಲೇ ಹೊರಗುಳಿದರು. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಮಹಿಳೆಯರ ಮತದಾನ ಪ್ರಮಾಣ ಪುರುಷರದನ್ನು ಕೊಂಚ ಮೀರಿತು. ಮತ ಹಾಕುವ ಹಕ್ಕು ಕೈಗೆ ಬಂದರೂ ಆಯ್ಕೆಯಾಗುವ ಅವಕಾಶ ಅದರ ಜೊತೆಗೆ ಬರಲಿಲ್ಲ.

ಈ ದಿಕ್ಕಿನಲ್ಲಿ ಕರ್ನಾಟಕ ಬೇಗ ಹೆಜ್ಜೆ ಇಟ್ಟಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಮುನ್ನಡೆಸಿದ 1983ರ ಕಾಯ್ದೆ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಶೇ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. 1987ರಲ್ಲಿ ಆ ಕಾಯ್ದೆಯಡಿ ಚುನಾವಣೆ ನಡೆದು, ಸಾವಿರಾರು ಮಹಿಳೆಯರು ಸದಸ್ಯರಾಗಿ ಸಭೆಗೆ ಬಂದರು. ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಮೂರನೇ ಒಂದರಷ್ಟು ಮೀಸಲು ತಂದದ್ದು ಆಮೇಲೆ, 1993ರಲ್ಲಿ. 2010ರಲ್ಲಿ ರಾಜ್ಯ ಅದನ್ನು ಶೇ 50ಕ್ಕೆ ಏರಿಸಿತು.

ಸಭೆಯಲ್ಲಿ ಗಂಡಂದಿರೇ ಮಾತನಾಡುತ್ತಾರೆ ಎಂಬ ದೂರು ಅಂದಿನಿಂದಲೂ ಇದೆ. ಅನೇಕ ಕಡೆ ಅದು ನಿಜವೂ ಹೌದು. ಆದರೆ ಕಡತ ಓದಿ, ಕುಡಿಯುವ ನೀರಿಗಾಗಿ ಅಧಿಕಾರಿಗಳ ಬೆನ್ನು ಹತ್ತಿ ಕೆಲಸ ಕಲಿತವರ ಗತಿ ಏನು ಎಂಬ ಪ್ರಶ್ನೆ ಅಪರೂಪಕ್ಕೆ ಕೇಳಿಬರುತ್ತದೆ. ಮೀಸಲು ಪಟ್ಟಿ ಬದಲಾದರೆ ಅವರ ಸ್ಥಾನ ಸಾಮಾನ್ಯ ವರ್ಗಕ್ಕೆ ಹೋಗುತ್ತದೆ. ಆಗ ಪಕ್ಷದ ಮುಖಂಡರು ಬೇರೆಯವರನ್ನು ಹುಡುಕುತ್ತಾರೆ. ಮೇಲಿನ ಮೆಟ್ಟಿಲಾಗಬೇಕಿದ್ದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದರೂ, ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ತಕರಾರಿನಲ್ಲಿ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅನುಭವಿಗಳಾದ ಸಾವಿರಾರು ಮಹಿಳೆಯರಿಗೆ ಇದರಿಂದ ಆದ ನಷ್ಟದ ಲೆಕ್ಕವನ್ನು ಯಾರೂ ಇಟ್ಟಂತಿಲ್ಲ.

ಶಾಸನಸಭೆಗಳ ಕಥೆ ಇನ್ನೂ ನಿಧಾನ. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡಲು ಎಚ್.ಡಿ. ದೇವೇಗೌಡರ ಸರ್ಕಾರ 1996ರಲ್ಲಿ ಮಂಡಿಸಿದ ಮಸೂದೆ ಬಿದ್ದುಹೋಯಿತು. ಅದರ ಮುಂದಿನ ರೂಪಗಳೂ ಬಿದ್ದವು. 2010ರಲ್ಲಿ ರಾಜ್ಯಸಭೆ ಒಪ್ಪಿದ ಮಸೂದೆ ಲೋಕಸಭೆಯನ್ನು ದಾಟಲಿಲ್ಲ. ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ 454–2 ಮತಗಳಿಂದ ಲೋಕಸಭೆ ಈ ಮೀಸಲು ಮಸೂದೆಯನ್ನು ಅಂಗೀಕರಿಸಿತು. ಮರುದಿನ ರಾಜ್ಯಸಭೆಯಲ್ಲಿ ಒಂದು ವಿರೋಧ ಮತವೂ ಬೀಳಲಿಲ್ಲ. ಆದರೆ ಜಾರಿಯನ್ನು ಜನಗಣತಿಗೆ, ಅದರ ನಂತರದ ಕ್ಷೇತ್ರ ಪುನರ್ವಿಂಗಡಣೆಗೆ ಗಂಟುಹಾಕಲಾಯಿತು.

ಅಷ್ಟು ಒಮ್ಮತವಿದ್ದ ಪಕ್ಷಗಳು ತಮ್ಮ ಟಿಕೆಟ್‌ಗಳಲ್ಲಿ ಮೂರನೇ ಒಂದನ್ನು ಮಹಿಳೆಯರಿಗೆ ಕೊಡಲು ಯಾವ ಜನಗಣತಿಗೂ ಕಾಯಬೇಕಿರಲಿಲ್ಲ. ಎಂಟು ತಿಂಗಳ ಬಳಿಕ ನಡೆದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಕ್ಷೇತ್ರಗಳಿಂದ ಗೆದ್ದ ಮಹಿಳೆಯರು ಮೂವರು.