ವರ್ಷಕ್ಕೊಮ್ಮೆ ಬಾಡಿಗೆ ಕಟ್ಟುವ ಹೆಸರು

ಸ್ವಂತ ವೆಬ್‌ಸೈಟ್ ಬೇಕು ಅಂತ ನನ್ನ ಹತ್ತಿರ ಬರುವವರು ಬಣ್ಣ, ಫೋಟೊ, ಅಕ್ಷರದ ಗಾತ್ರ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ಡೊಮೈನ್ ಹೆಸರಿನ, ಅಂದರೆ ಸೈಟ್ ತೆರೆಯೋಕೆ ಜನ ಟೈಪ್ ಮಾಡುವ ವಿಳಾಸದ ಮಾತು ಬಂದರೆ ಮಾತ್ರ "ಯಾವ್ದು ಸಿಗುತ್ತೋ ಅದನ್ನೇ ಹಾಕಿ ಸಾರ್" ಅಂದುಬಿಡುತ್ತಾರೆ. ಉಲ್ಟಾ ಆಗಬೇಕಿತ್ತು. ಬಣ್ಣ ಒಂದು ಸಂಜೆಯ ಕೆಲಸ, ಬೇಡ ಅನ್ನಿಸಿದರೆ ಬದಲಾಯಿಸಬಹುದು. ಹೆಸರು ಹಾಗಲ್ಲ. ಒಮ್ಮೆ ಅದು ವಿಸಿಟಿಂಗ್ ಕಾರ್ಡಿಗೆ, ಜನರ ಬುಕ್‌ಮಾರ್ಕಿಗೆ, ಬ್ಯಾಂಕಿಗೆ ಕೊಟ್ಟ ಇಮೇಲ್ ವಿಳಾಸಕ್ಕೆ ಹೋಗಿ ಕೂತಿತು ಅಂದರೆ, ಆಮೇಲೆ ಅಷ್ಟೂ ಕಡೆ ಹುಡುಕಿಕೊಂಡು ಹೋಗಿ ತಿದ್ದಬೇಕು.

ಹೆಸರು ಯೋಚಿಸಿಕೊಂಡು ಬಂದವರಿಗೆ ನಾನು ಕೊಡುವ ಮೊದಲ ಕೆಲಸ ಸುಲಭದ್ದು. ಯಾರಿಗಾದರೂ ಫೋನ್ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ಅವರು ಏನು ಟೈಪ್ ಮಾಡಿದರು ಅಂತ ಕೇಳಿ. "ಅದು ಸೊನ್ನೆ ಅಲ್ಲ, ಓ ಅಕ್ಷರ", "ಮಧ್ಯೆ ಹೈಫನ್ ಇದೆ ಕಣ್ರೀ", "ಎಸ್ ಎರಡು ಸಲ" ಅಂತ ವಿವರಿಸೋಕೆ ಶುರು ಮಾಡಿದಿರೋ, ಆ ಹೆಸರು ಬಿಡಿ. ನಿಮ್ಮ ಹೆಸರು ಯಾವ ಅಕ್ಷರದಲ್ಲಿ ಮುಗಿಯುತ್ತದೋ ಅಡ್ಡಹೆಸರು ಅದೇ ಅಕ್ಷರದಿಂದ ಶುರುವಾದರೆ ಈ ಎರಡು ಸಲದ ಕಾಟ ತಪ್ಪಿದ್ದಲ್ಲ. ಬರೆದೂ ನೋಡಿ. ಆರ್ ಮತ್ತು ಎನ್ ಚಿಕ್ಕಕ್ಷರದಲ್ಲಿ ಅಂಟಿಕೊಂಡು ಬಂದರೆ ಎಷ್ಟೋ ಫಾಂಟುಗಳಲ್ಲಿ ಎಂ ಥರ ಕಾಣುತ್ತದೆ. ದೊಡ್ಡಕ್ಷರ ಹಾಕಿ ಪದ ಬೇರೆ ಮಾಡಿ ತೋರಿಸ್ತೀನಿ ಅನ್ನಬೇಡಿ. ಡೊಮೈನ್‌ಗೆ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ.

ಕನ್ನಡದ ಹೆಸರುಗಳಿಗೆ ಇನ್ನೊಂದು ತಲೆನೋವು ಜಾಸ್ತಿ. ಗೀತಾ ಅನ್ನೋ ಪುಟ್ಟ ಹೆಸರನ್ನೇ ತಗೊಳ್ಳಿ. ಇಂಗ್ಲಿಷಿನಲ್ಲಿ 'ಗೀ'ಗೆ ಎರಡು ಇ ಹಾಕುವವರಿದ್ದಾರೆ, ಒಂದು ಐ ಹಾಕುವವರಿದ್ದಾರೆ. 'ತಾ'ಗೆ ಟಿ ಒಂದೇ ಸಾಕು ಅನ್ನುವವರಿದ್ದಾರೆ, ಎಚ್ ಸೇರಿಸುವವರಿದ್ದಾರೆ. ಅಲ್ಲಿಗೇ ನಾಲ್ಕು ಸ್ಪೆಲ್ಲಿಂಗ್ ಆಯಿತು. ಶ, ಷ, ಸ ಇರುವ ಹೆಸರಾದರೆ ಕೇಳಲೇಬೇಡಿ. ನನ್ನ ಸಲಹೆ ಇಷ್ಟೇ: ನಿಮ್ಮ ದಾಖಲೆಗಳಲ್ಲಿ ಯಾವ ಸ್ಪೆಲ್ಲಿಂಗ್ ಇದೆಯೋ ಅದನ್ನೇ ಹಿಡಿಯಿರಿ. ಜನ ಪದೇ ಪದೇ ತಪ್ಪಾಗಿ ಬರೆಯುವ ಒಂದು ರೂಪ ಇದ್ದರೆ ಅದನ್ನೂ ತೆಗೆದುಕೊಂಡು ಅಸಲಿ ಸೈಟಿಗೆ ತಿರುಗಿಸಿಬಿಡಿ. ನಾಲ್ಕನ್ನೂ ಕೊಳ್ಳೋಕೆ ಹೋಗಬೇಡಿ, ಅದಕ್ಕೆ ಕೊನೆಯೇ ಇಲ್ಲ.

ಕನ್ನಡ ಲಿಪಿಯಲ್ಲೇ ಹೆಸರು ಸಿಗಲ್ವಾ ಅಂತ ಕೇಳುತ್ತಾರೆ. ಸಿಗುತ್ತದೆ. ಆದರೆ ಒಳಗಡೆ ಅದು ಎಕ್ಸ್, ಎನ್, ಎರಡು ಹೈಫನ್‌ಗಳಿಂದ ಶುರುವಾಗುವ ಒಂದು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಓಡಾಡುತ್ತದೆ. ಕೆಲವು ಕಡೆ ಲಿಂಕ್ ಅಂಟಿಸಿದಾಗ ಆ ಗೋಜಲೇ ಕಣ್ಣಿಗೆ ಬೀಳುತ್ತದೆ, ಇಮೇಲ್ ವಿಳಾಸವಾಗಿ ಬಳಸಿದರೆ ಎಷ್ಟೋ ಫಾರಂಗಳು ಒಪ್ಪುವುದಿಲ್ಲ. ನನಗಂತೂ ಅದು ಇಷ್ಟ. ಆದರೂ ಎರಡನೇ ಹೆಸರಾಗಿ ಇಟ್ಟುಕೊಳ್ಳಿ ಅಂತಲೇ ಹೇಳುತ್ತೇನೆ.

ನಿಯಮದ ಪ್ರಕಾರ ಡಾಟ್ ಕಾಮ್‌ನ ಚುಕ್ಕಿಗಿಂತ ಮೊದಲು ಬರುವ ಭಾಗ 63 ಅಕ್ಷರದವರೆಗೆ ಇರಬಹುದು. ಇರಬಹುದು ಅಂತ ಇಡಬೇಡಿ.

ಏನು ಹೆಸರು ಅನ್ನೋದಕ್ಕೆ ನನ್ನ ಉತ್ತರ ಯಾವಾಗಲೂ ಒಂದೇ, ನಿಮ್ಮದೇ ಹೆಸರು. ಈಗ ಮಾಡುತ್ತಿರುವ ಕೆಲಸವನ್ನು ಅದರೊಳಗೆ ತುರುಕಬೇಡಿ. ಮದುವೆ ಫೋಟೊ ತೆಗೆಯುತ್ತಿದ್ದ ಒಬ್ಬರು ಹಟ ಹಿಡಿದು ಹೆಸರಿನ ಜೊತೆ 'ವೆಡ್ಡಿಂಗ್' ಸೇರಿಸಿಕೊಂಡರು. ಕೆಲವೇ ವರ್ಷಕ್ಕೆ ಮದುವೆ ಮನೆ ಸಾಕಾಗಿ ಹಕ್ಕಿಗಳ ಹಿಂದೆ ಬಿದ್ದರು. ಈಗ ಮಿಂಚುಳ್ಳಿಯ ಫೋಟೊಗಳೆಲ್ಲ ಮದುವೆ ಸೈಟಿನಲ್ಲಿವೆ. ಹೆಸರಿಗೆ ಕೆಲಸಕ್ಕಿಂತ ಆಯಸ್ಸು ಜಾಸ್ತಿ. ಮೊಟ್ಟಮೊದಲು ನೋಂದಣಿಯಾದ ಡಾಟ್ ಕಾಮ್ ಹೆಸರು ಸಿಂಬಾಲಿಕ್ಸ್ ಅನ್ನೋ ಕಂಪ್ಯೂಟರ್ ಕಂಪನಿಯದು, 1985ರ ಮಾರ್ಚ್ 15ರಂದು. ಆ ಕಂಪನಿಯ ಕಂಪ್ಯೂಟರುಗಳು ಮಾರುಕಟ್ಟೆಯಿಂದ ಮರೆಯಾಗಿ ಯಾವ ಕಾಲವಾಯಿತೋ, ಹೆಸರನ್ನು ಮಾತ್ರ 2009ರಲ್ಲಿ ಇನ್ನೊಬ್ಬರು ದುಡ್ಡು ಕೊಟ್ಟು ಕೊಂಡರು.

ನಿಮ್ಮ ಹೆಸರು ಬೇರೆಯವರ ಪಾಲಾಗಿದ್ದರೆ ಇನಿಶಿಯಲ್ ಸೇರಿಸಿ, ಅಡ್ಡಹೆಸರು ಸೇರಿಸಿ. ಹುಟ್ಟಿದ ವರ್ಷ ಬೇಡ. ನೋಡೋಕೆ ಚೆನ್ನಾಗಿರಲ್ಲ, ಮೇಲಾಗಿ ಕೇಳದವರಿಗೂ ನಿಮ್ಮ ವಯಸ್ಸು ಹೇಳಿದ ಹಾಗಾಯಿತು.

ಇನ್ನು ಬಾಲದ ವಿಷಯ, ಅಂದರೆ ಹೆಸರಿನ ಕೊನೆಯ ಚುಕ್ಕಿ ಆದಮೇಲೆ ಬರುವ ಭಾಗ. ಡಾಟ್ ಕಾಮ್ ಸಿಕ್ಕರೆ ತಗೊಳ್ಳಿ, ಜನ ಅಭ್ಯಾಸಬಲದಿಂದ ಅದನ್ನೇ ಟೈಪ್ ಮಾಡುತ್ತಾರೆ. ಸಿಗದಿದ್ದರೆ ಒಂದು ಸಂಗತಿ ನೆನಪಿರಲಿ: ಎರಡಕ್ಷರದ ಬಾಲಗಳೆಲ್ಲ ಯಾವುದೋ ಒಂದು ದೇಶಕ್ಕೋ ಪ್ರದೇಶಕ್ಕೋ ಸೇರಿದವು. ಡಾಟ್ ಟಿವಿ ಟುವಾಲು ದೇಶದ್ದು, ಡಾಟ್ ಎಂಇ ಮಾಂಟೆನೆಗ್ರೊದ್ದು, ಈಗ ಎಲ್ಲರೂ ಮುಗಿಬೀಳುವ ಡಾಟ್ ಎಐ ಆಂಗ್ವಿಲಾ ಅನ್ನೋ ಪುಟ್ಟ ದ್ವೀಪದ್ದು. ಚೆಂದ ಕಾಣುತ್ತೆ ಅಂತ ಹಿಡಿದ ಬಾಲದ ಕಾನೂನು ಮಾಡುವವರು ಬೇರೆಲ್ಲೋ ಇರುತ್ತಾರೆ. ಯುಗೊಸ್ಲಾವಿಯ ದೇಶ ಹೋಯಿತು, ಅದರ ಡಾಟ್ ವೈಯು 2010ರಲ್ಲಿ ಬಂದ್ ಆಯಿತು. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಅಲ್ಲಿನ ಎಷ್ಟೋ ಜನ ತಮ್ಮ ಡಾಟ್ ಇಯು ಹೆಸರು ಕಳಕೊಂಡರು. ಪುಕ್ಕಟೆ ಹಂಚುತ್ತಿದ್ದ ಡಾಟ್ ಜಿಎ ಬಾಲವನ್ನು 2023ರಲ್ಲಿ ಗ್ಯಾಬನ್ ದೇಶ ವಾಪಸ್ ತಗೊಂಡಾಗ ಲಕ್ಷಾಂತರ ಹೆಸರುಗಳು ಅಳಿಸಿ ಹೋದವು. ನಿಮ್ಮದೇ ದೇಶದ ಬಾಲವಾದರೆ ಇಷ್ಟು ಚಿಂತೆ ಇಲ್ಲ. ಮೂರಕ್ಷರ, ಅದಕ್ಕಿಂತ ಉದ್ದದ ಹೊಸ ಬಾಲಗಳೂ ಬೇಕಾದಷ್ಟಿವೆ. ಅಲ್ಲಿ ಮೊದಲ ವರ್ಷದ ರೇಟು ನೋಡಿ ಮರುಳಾಗಬೇಡಿ, ಎರಡನೇ ವರ್ಷದ ರಿನ್ಯೂವಲ್ ರೇಟು ಎಷ್ಟು ಅಂತ ಹುಡುಕಿ ನೋಡಿ. ಅದನ್ನು ಸಾಮಾನ್ಯವಾಗಿ ಚಿಕ್ಕಕ್ಷರದಲ್ಲಿ ಬರೆದಿರುತ್ತಾರೆ.

ಯಾಕೆಂದರೆ ಡೊಮೈನ್ ಯಾರೂ ಕೊಂಡುಕೊಳ್ಳೋದಿಲ್ಲ. 'ಕೊಂಡೆ' ಅಂತೀವಿ, ಅಷ್ಟೇ. ಅದು ಬಾಡಿಗೆ. ಡಾಟ್ ಕಾಮ್‌ನಂಥ ಹೆಸರನ್ನು ಒಂದು ಸಲಕ್ಕೆ 10 ವರ್ಷಕ್ಕಿಂತ ಜಾಸ್ತಿ ಹಿಡಿಯೋಕೆ ಆಗಲ್ಲ. ಬಾಡಿಗೆ ಕಟ್ಟೋದು ಮರೆತರೆ ಅದೇ ದಿನ ಹೋಗಿಬಿಡಲ್ಲ, ನಿಜ. ಮೊದಲು ರಿಜಿಸ್ಟ್ರಾರ್, ಅಂದರೆ ನಿಮಗೆ ಹೆಸರು ನೋಂದಾಯಿಸಿಕೊಟ್ಟ ಕಂಪನಿ, ಒಂದಷ್ಟು ದಿನ ಕಾಯಬಹುದು. ಹೆಸರು ಅಳಿಸಿದ ಮೇಲೂ 30 ದಿನ, ದಂಡ ಸೇರಿಸಿ ಕೊಟ್ಟರೆ ವಾಪಸ್ ಸಿಗುತ್ತದೆ, ಆ ದಂಡ ಸಾಮಾನ್ಯವಾಗಿ ಬಾಡಿಗೆಗಿಂತ ಎಷ್ಟೋ ಪಟ್ಟು ಹೆಚ್ಚು. ಆಮೇಲೆ 5 ದಿನ ಯಾರೂ ಏನೂ ಮಾಡೋಕಾಗಲ್ಲ, ಅದು ಮುಗಿದ ಮೇಲೆ ಬಿಟ್ಟಿ ಬಿದ್ದ ಹೆಸರು, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಎತ್ತಿಕೊಳ್ಳೋಕೆ ಅಂತಲೇ ಹಗಲು ರಾತ್ರಿ ಓಡುವ ಪ್ರೋಗ್ರಾಂಗಳಿವೆ.

ಒಬ್ಬ ಸಂಗೀತ ಮೇಡಂ ನನ್ನ ಹತ್ತಿರ ಬಂದಾಗ ಅವರ ಸೈಟಿನಲ್ಲಿ ಜೂಜಿನ ಜಾಹೀರಾತು ಬರುತ್ತಿತ್ತು. ಆಗಿದ್ದಿಷ್ಟೆ. ಹಿಂದೆ ಸೈಟು ಮಾಡಿಕೊಟ್ಟವರು ಡೊಮೈನನ್ನು ತಮ್ಮದೇ ಅಕೌಂಟಿನಲ್ಲಿ, ತಮ್ಮದೇ ಹೆಸರಲ್ಲಿ ನೋಂದಾಯಿಸಿದ್ದರು. ಆಮೇಲೆ ಆ ಕೆಲಸ ಬಿಟ್ಟರು, ಫೋನ್ ಎತ್ತಲಿಲ್ಲ, ರಿನ್ಯೂ ಮಾಡಲಿಲ್ಲ. "ಮೊದಲ ವರ್ಷ ದುಡ್ಡು ಕೊಟ್ಟಿದ್ದೀನಲ್ಲ ಸಾರ್, ನನ್ನ ಹೆಸರಲ್ವಾ ಅದು?" ಅಂದರು ಪಾಪ. ಕಾಗದದಲ್ಲಿ ಅವರದ್ದಾಗಿರಲೇ ಇಲ್ಲ. ಜಾಹೀರಾತಿಗಿಂತ ನನಗೆ ಹೆಚ್ಚು ಹೆದರಿಕೆ ಆಗಿದ್ದು ಬೇರೆ ವಿಷಯಕ್ಕೆ. ಅದೇ ಡೊಮೈನಿನ ಇಮೇಲನ್ನು ಅವರು ಹತ್ತಾರು ಕಡೆ ಕೊಟ್ಟಿದ್ದರು. ಹೆಸರು ಹಿಡಿದವರು ಮನಸ್ಸು ಮಾಡಿದರೆ ಆ ವಿಳಾಸವನ್ನು ಮತ್ತೆ ತೆರೆದು, ಪಾಸ್‌ವರ್ಡ್ ಮರೆತಿದ್ದೇನೆ ಅಂತ ಒತ್ತಿ, ಬರುವ ಮೇಲ್ ಓದಿಕೊಂಡು ಒಂದೊಂದೇ ಅಕೌಂಟಿಗೆ ನುಗ್ಗಬಹುದಿತ್ತು. ಎರಡು ದಿನ ಕೂತು ಎಲ್ಲ ಕಡೆ ಮೇಲ್ ಬದಲಾಯಿಸಿದೆವು. ಹೆಸರಂತೂ ವಾಪಸ್ ಬರಲಿಲ್ಲ.

ಅದಕ್ಕೇ ಸೈಟು ಯಾರು ಬೇಕಾದರೂ ಮಾಡಿಕೊಡಲಿ, ನಾನೇ ಮಾಡಿಕೊಡಲಿ, ರಿಜಿಸ್ಟ್ರಾರ್ ಅಕೌಂಟ್ ನಿಮ್ಮ ಹೆಸರಲ್ಲಿರಲಿ, ಲಾಗಿನ್ ನಿಮ್ಮ ಕೈಯಲ್ಲಿರಲಿ. ಆಟೊ ರಿನ್ಯೂ ಹಾಕಿಡಿ. ಕಾರ್ಡಿನ ಅವಧಿ ಮುಗಿದರೆ ಅದೂ ಕೆಲಸ ಮಾಡಲ್ಲ, ಹಾಗಾಗಿ ಹೊಸ ಕಾರ್ಡ್ ಬಂದ ದಿನವೇ ಅಲ್ಲೂ ಬದಲಾಯಿಸಿ. ಇನ್ನೊಂದು, ಆ ಅಕೌಂಟಿಗೆ ಸಂಪರ್ಕದ ಇಮೇಲ್ ಅಂತ ಅದೇ ಡೊಮೈನಿನ ವಿಳಾಸ ಕೊಡಬೇಡಿ. ಡೊಮೈನ್ ನಿಂತರೆ ಆ ಮೇಲೂ ನಿಲ್ಲುತ್ತದೆ, 'ನಿಮ್ಮ ಡೊಮೈನ್ ನಿಂತಿದೆ' ಅಂತ ರಿಜಿಸ್ಟ್ರಾರ್ ಕಳಿಸುವ ಎಚ್ಚರಿಕೆ ನಿಮಗೆ ಬಂದು ಮುಟ್ಟುವುದೇ ಇಲ್ಲ.