ಕೂಸನ್ನು ಎತ್ತಿಕೊಂಡಿರುವ ತಂದೆಯನ್ನೂ ಮಾತನಾಡಿಸಬೇಕು

ಅಮೆರಿಕದಲ್ಲಿ ಮಕ್ಕಳ ವೈದ್ಯೆಯಾಗಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಮಾಡಿದ ತಪ್ಪೊಂದು ಇಂದಿಗೂ ನನ್ನನ್ನು ಕಾಡುತ್ತದೆ. ಎರಡು ವಾರದ ಕೂಸನ್ನು ಎದೆಗೊರಗಿಸಿಕೊಂಡು ಆಫ್ರಿಕನ್-ಅಮೆರಿಕನ್ ತಂದೆಯೊಬ್ಬರು ಎದುರಿಗೇ ಕುಳಿತಿದ್ದರೂ, ಮಗು ಎಷ್ಟು ಸಲ ಹಾಲು ಕುಡಿಯುತ್ತದೆ, ದಿನಕ್ಕೆ ಎಷ್ಟು ಡೈಪರ್ ಒದ್ದೆಯಾಗುತ್ತವೆ ಎಂಬುದನ್ನೆಲ್ಲ ನಾನು ತಾಯಿಯನ್ನೇ ಕೇಳಿದೆ. ಆಕೆ ಪ್ರತಿ ಸಲವೂ ಆತನ ಕಡೆ ತಿರುಗಿ, ಆತ ಹೇಳಿದ್ದನ್ನು ನನಗೆ ತಿಳಿಸಿದರು. ರಾತ್ರಿಯಿಡೀ ಕೂಸನ್ನು ನೋಡಿಕೊಳ್ಳುತ್ತಿದ್ದವರು ಆತನೇ.

ಇಂತಹ ತಂದೆಯರು ಅಪರೂಪವಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಅಂಕಿಅಂಶ ಕೇಂದ್ರವು 2006ರಿಂದ 2010ರವರೆಗಿನ ಮಾಹಿತಿಯನ್ನು ಆಧರಿಸಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಐದು ವರ್ಷದೊಳಗಿನ ಮಕ್ಕಳೊಡನೆ ಒಂದೇ ಮನೆಯಲ್ಲಿರುವ ತಂದೆಯರ ಪೈಕಿ ಪ್ರತಿದಿನ ಸ್ನಾನ ಮಾಡಿಸುವ, ಬಟ್ಟೆ ತೊಡಿಸುವ ಅಥವಾ ಡೈಪರ್ ಬದಲಿಸುವವರು ಕಪ್ಪು ಜನಾಂಗದವರಲ್ಲಿ ಶೇ. 70ರಷ್ಟಿದ್ದರೆ ಬಿಳಿಯರಲ್ಲಿ ಶೇ. 60ರಷ್ಟಿದ್ದರು. ಆದರೂ ಕಪ್ಪು ಜನಾಂಗದ ತಂದೆಯೆಂದರೆ ‘ಮನೆಯಲ್ಲಿಲ್ಲದ ತಂದೆ’ ಎಂಬ ಚಿತ್ರ ಅಳಿದಿಲ್ಲ. ಮದುವೆಯ ದಾಖಲೆ ಇಲ್ಲದಿದ್ದರೆ ತಂದೆಯೂ ಇಲ್ಲವೆಂದು ಎಣಿಸುವುದು ಇದಕ್ಕೆ ಒಂದು ಕಾರಣವೆಂದು ನನಗೆ ತೋರುತ್ತದೆ. ಕಾನೂನಿನ ಪಾಲೂ ಇದರಲ್ಲಿದೆ: ತಾಯಿಯೊಡನೆ ಗಂಡಸೊಬ್ಬನ ಸಂಬಂಧವಿದ್ದರೆ ಮಕ್ಕಳಿಗೆ ಸಿಗುವ ಸರ್ಕಾರಿ ನೆರವನ್ನೇ ನಿಲ್ಲಿಸುವ ನಿಯಮ ಅಲಬಾಮಾ ರಾಜ್ಯದಲ್ಲಿತ್ತು, 1968ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕುವವರೆಗೂ, ಬಡ ಮನೆಗಳಲ್ಲಿ ಗಂಡಸು ಕಣ್ಣಿಗೆ ಬೀಳುವುದೇ ಮಕ್ಕಳ ಊಟಕ್ಕೆ ಕುತ್ತಾಗಬಹುದಿತ್ತು.

ತಂದೆಯನ್ನು ಮಾತನಾಡಿಸುವುದು ಬರಿಯ ಸೌಜನ್ಯದ ವಿಷಯವಲ್ಲ. ಅಮೆರಿಕದಲ್ಲಿ ಕಪ್ಪು ಜನಾಂಗದ ಶಿಶುಗಳ ಮರಣ ಪ್ರಮಾಣ ಬಿಳಿಯ ಶಿಶುಗಳಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿದ್ದು, ನಿದ್ದೆಯಲ್ಲಿ ಸಂಭವಿಸುವ ಸಾವುಗಳೂ ಅದರಲ್ಲಿ ಸೇರಿವೆ. ಕೂಸನ್ನು ಅಂಗಾತ ಮಲಗಿಸಬೇಕು, ಹಾಸಿಗೆ ಗಟ್ಟಿಯಾಗಿರಬೇಕು, ಪಕ್ಕದಲ್ಲಿ ದಿಂಬು ಹೊದಿಕೆಗಳಿರಬಾರದು ಎಂಬುದನ್ನು ತಾಯಿಗೆ ಮಾತ್ರ ಹೇಳಿದರೆ, ನಡುರಾತ್ರಿ ಕೂಸನ್ನು ಮಲಗಿಸುವ ಕೈಗಳಿಗೆ ಆ ಮಾತು ತಲುಪುವುದಿಲ್ಲ.

1993ರ ಕುಟುಂಬ ರಜೆಯ ಕಾನೂನು 12 ವಾರಗಳ ರಜೆಯನ್ನು ಕೊಡುತ್ತದೆಯಾದರೂ ಅದಕ್ಕೆ ಸಂಬಳವಿಲ್ಲ. ಐವತ್ತಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಕಂಪನಿಗಳಿಗೆ ಅದು ಅನ್ವಯಿಸುವುದೂ ಇಲ್ಲ. ಹೀಗಾಗಿ ಅನೇಕ ತಂದೆಯರು ಕೆಲವೇ ದಿನಗಳಲ್ಲಿ ಕೆಲಸಕ್ಕೆ ಮರಳುತ್ತಾರೆ, ನನಗೆ ಸಿಗುವುದು ಒಂದೆರಡು ಭೇಟಿಗಳು ಮಾತ್ರ. ಆ ಭೇಟಿಯಲ್ಲಿ ಅವರ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಮಗುವಿನ ಕಡತದಲ್ಲಿ ಬರೆದುಕೊಳ್ಳುತ್ತೇನೆ. ಬಾಣಂತಿಯನ್ನು ಕೇಳುವಂತೆಯೇ ಅವರನ್ನೂ ನಿದ್ದೆ ಬರುತ್ತಿದೆಯೇ, ಮನಸ್ಸು ಕುಗ್ಗಿದೆಯೇ ಎಂದು ಕೇಳುತ್ತೇನೆ. ಉತ್ತರ ಬರಲು ತುಸು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಮುಂದಿನ ಪ್ರಶ್ನೆಗೆ ಹೋಗುವುದಿಲ್ಲ.